ಎಂಜಲು ತಟ್ಟೆ ತೊಳೆಯುವ ತರುಣರು

ಜೂನ್ ತಿಂಗಳು ಬಂದು ಶಾಲೆಗಳ ಬಾಗಿಲು ಮುಚ್ಚಿತೆಂದರೆ ಅಮೇರಿಕ ಸಂಯುಕ್ತ ಸಂಸ್ಥಾನಗಳ ಲಕ್ಷಾಂತರ ಮಕ್ಕಳು ಬೆಟ್ಟದ ತಪ್ಪಲಿಗೋ ಸರೋವರದ ದಂಡೆಗೋ ಹೊರಟುಬಿಡುತ್ತಾರೆ. ಒಂದು ವಾರ, ಎರಡು ವಾರ, ಕೆಲವೊಮ್ಮೆ ಇಡೀ ತಿಂಗಳು ಮರದ ಮನೆಗಳಲ್ಲಿ ವಾಸ; ಹಗಲು ಈಜು, ದೋಣಿಯಾಟ, ಗುಡ್ಡದ ಚಾರಣ; ಸಂಜೆಗೆ ಬೆಂಕಿಯ ಸುತ್ತ ಹಾಡು, ಪ್ರಾರ್ಥನೆ. ಇದು ಆ ದೇಶದ ಬೇಸಗೆಯ ಶಿಬಿರದ ದಿನಚರಿ. ಇಂಥ ಶಿಬಿರಗಳಲ್ಲಿ ಎಷ್ಟೋ ಕ್ರೈಸ್ತ ಸಭೆಗಳಿಂದಲೂ ಕ್ರೈಸ್ತ ಸಂಸ್ಥೆಗಳಿಂದಲೂ ನಡೆಯತಕ್ಕವು. ಅಲ್ಲಿ ಆಡುವ ಮಕ್ಕಳ ಚಿತ್ರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಆದರೆ ಅದೇ ಶಿಬಿರದ ಹಿಂಬದಿಯಲ್ಲಿ, ಅಡಿಗೆಮನೆಯ ಹಬೆಯೊಳಗೆ, ಆ ಮಕ್ಕಳಷ್ಟೇ ವಯಸ್ಸಿನ, ಇಲ್ಲವೆ ಒಂದೆರಡು ವರ್ಷ ಮಾತ್ರ ಹಿರಿಯರಾದ ಹುಡುಗ ಹುಡುಗಿಯರು ಎಂಜಲು ತಟ್ಟೆಗಳನ್ನು ತೊಳೆಯುತ್ತಿರುತ್ತಾರೆ, ಪಂಕ್ತಿಯಲ್ಲಿ ಬಡಿಸುತ್ತಿರುತ್ತಾರೆ, ಶೌಚಾಲಯಗಳನ್ನು ತಿಕ್ಕುತ್ತಿರುತ್ತಾರೆ. ಅವರಿಗೆ ಸಂಬಳವಿಲ್ಲ. ಯಾರೂ ಅವರನ್ನು ಬಲವಂತದಿಂದ ಕರೆತಂದಿಲ್ಲ. ಅರ್ಜಿ ಹಾಕಿಕೊಂಡು ತಾವಾಗಿಯೇ ಬಂದವರು. ಇಂದು ನಾವು ಬರೆಯಹೊರಟಿರುವುದು ಅವರನ್ನು ಕುರಿತು.

ಹದಿನಾರು ವರ್ಷದ ಮಗನು ತನ್ನ ರಜೆಯ ತಿಂಗಳನ್ನು ಪರರ ಎಂಜಲು ತೊಳೆಯುವುದರಲ್ಲಿ ಕಳೆಯುತ್ತೇನೆಂದರೆ ನಮ್ಮ ನಾಡಿನಲ್ಲಿ ಎಷ್ಟು ಮಂದಿ ತಾಯಿತಂದೆಗಳು ಒಪ್ಪಿಯಾರು? ಓದುವ ವಯಸ್ಸಿನಲ್ಲಿ ಓದಲಿ, ಉಳಿದುದೆಲ್ಲ ಆಮೇಲೆ ಎಂಬುದೇ ಬಹುಮಂದಿಯ ಉತ್ತರವಾದೀತು. ಆ ದೇಶದಲ್ಲಿಯೂ ಈ ಪದ್ಧತಿಯನ್ನು ಎಲ್ಲರೂ ಮೆಚ್ಚುವುದಿಲ್ಲ. ಇದು ಶಿಕ್ಷಣವೋ, ಬಿಟ್ಟಿ ದುಡಿಮೆಯೋ, ಇಲ್ಲವೆ ಧರ್ಮಪ್ರಸಾರದ ಒಂದು ಉಪಾಯವೋ ಎಂದು ಕೇಳುವವರು ಅಲ್ಲಿಯೂ ಉಂಟು. ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಮೊದಲಿಗೇ ಹೇಳಿಬಿಡುವುದು ಲೇಸು. ತರುಣರ ಕೈಗೆ ನಿಜವಾದ ಕೆಲಸವನ್ನು ಕೊಡುವುದು ಶ್ರೇಷ್ಠವಾದ ಶಿಕ್ಷಣ. ಆದರೆ ಕೆಲಸ ಕೊಡುವ ನೆಪದಿಂದ ಹಿರಿಯರು ತಮ್ಮ ಹೊಣೆಯನ್ನೂ ಆ ಎಳೆಯ ಹೆಗಲುಗಳಿಗೆ ದಾಟಿಸಿದರೆ ಅದು ಶಿಕ್ಷಣವೂ ಅಲ್ಲ, ಸೇವೆಯೂ ಅಲ್ಲ. ಕೆಲಸ ಬೇರೆ, ಹೊಣೆ ಬೇರೆ. ಈ ಭೇದವನ್ನು ಮರೆತಲ್ಲಿಯೇ ಅನರ್ಥಗಳು ಹುಟ್ಟಿವೆ.

ಮೊದಲು ಈ ಶಿಬಿರಗಳ ಪೂರ್ವವೃತ್ತಾಂತವನ್ನಷ್ಟು ನೋಡೋಣ. 1861ನೆಯ ಇಸವಿಯಲ್ಲಿ ಕನೆಕ್ಟಿಕಟ್ ಸಂಸ್ಥಾನದ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಶಾಲೆ ನಡೆಸುತ್ತಿದ್ದ ಫ್ರೆಡರಿಕ್ ಗನ್ ಎಂಬ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯಿಂದ ಸಮುದ್ರತೀರಕ್ಕೆ ಕರೆದುಕೊಂಡು ಹೋಗಿ, ಡೇರೆ ಹೊಡೆದು, ಎರಡು ವಾರಗಳ ಕಾಲ ಬಯಲಿನ ಬಾಳನ್ನು ಕಲಿಸಿದರು. ಅಮೇರಿಕದ ಶಿಬಿರಗಳಿಗೆ ಇದೇ ಮೊದಲೆಂದು ಹೇಳುವುದುಂಟು. 1885ರಲ್ಲಿ ಸಮ್ನರ್ ಡಡ್ಲಿ ಎಂಬವರು ಕ್ರೈಸ್ತ ತರುಣರ ಸಂಘದ, ಅಂದರೆ ವೈ. ಎಂ. ಸಿ. ಎ. ಸಂಸ್ಥೆಯ, ಏಳು ಮಂದಿ ಹುಡುಗರನ್ನು ನ್ಯೂಯಾರ್ಕ್ ಸಂಸ್ಥಾನದ ಆರೆಂಜ್ ಸರೋವರದ ದಂಡೆಗೆ ಕರೆದೊಯ್ದರು. ಆ ಏಳು ಮಂದಿಯ ಶಿಬಿರವು ಮುಂದೆ ಚಾಂಪ್ಲೇನ್ ಸರೋವರದ ತೀರದಲ್ಲಿ ನೆಲೆನಿಂತು ಡಡ್ಲಿಯವರ ಹೆಸರಿನಿಂದಲೇ ಇಂದಿಗೂ ನಡೆದುಕೊಂಡು ಬಂದಿದೆ. ಅದರ ಧ್ಯೇಯವಾಕ್ಯದ ತಾತ್ಪರ್ಯ ಇಷ್ಟೇ: ಮೊದಲು ಜೊತೆಗಾರನು, ತಾನು ಆಮೇಲೆ. ಆಟಕ್ಕೆಂದು ಹೋದ ಹುಡುಗರಿಗೆ ಇಂಥ ಧ್ಯೇಯವನ್ನು ಕೊಟ್ಟವರು ಶಿಬಿರವೆಂದರೆ ಬರಿಯ ವಿನೋದವೆಂದು ತಿಳಿದವರಲ್ಲವೆಂಬುದು ಸ್ಪಷ್ಟ.

ಸೇವೆಯನ್ನೇ ಶಿಬಿರದ ಒಂದು ಪ್ರತ್ಯೇಕ ಅಂಗವಾಗಿ ಬೆಳೆಯಿಸಿದ ಸಂಸ್ಥೆಗಳಲ್ಲಿ ಯಂಗ್ ಲೈಫ್ ಎಂಬುದು ಪ್ರಸಿದ್ಧವಾದುದು. 1941ರಲ್ಲಿ ಟೆಕ್ಸಸ್ ಸಂಸ್ಥಾನದಲ್ಲಿ ಜಿಮ್ ರೇಬರ್ನ್ ಎಂಬ ಧರ್ಮೋಪದೇಶಕರು ಇದನ್ನು ಸ್ಥಾಪಿಸಿದರು. ಚರ್ಚಿನ ಹೊಸ್ತಿಲನ್ನು ತುಳಿಯದ ಹೈಸ್ಕೂಲು ವಿದ್ಯಾರ್ಥಿಗಳನ್ನು ಅವರಿದ್ದಲ್ಲಿಗೇ ಹೋಗಿ ಕಾಣಬೇಕೆಂಬುದು ಅವರ ಸಂಕಲ್ಪ. 1946ರಲ್ಲಿ ಕೊಲೊರಾಡೊದ ಬೆಟ್ಟಗಳ ನಡುವೆ ಸ್ಟಾರ್ ರ‍್ಯಾಂಚ್ ಎಂಬ ತಾಣವು ಈ ಸಂಸ್ಥೆಯ ಕೈಗೆ ಬಂದಿತು. ಮುಂದೆ ಇಂಥ ತಾಣಗಳು ಹಲವಾದುವು. ಈ ಶಿಬಿರಗಳಲ್ಲಿ ಹೈಸ್ಕೂಲು ವಿದ್ಯಾರ್ಥಿಗಳದೇ ಒಂದು ಪಡೆಯುಂಟು. ಅದನ್ನು ವರ್ಕ್ ಕ್ರೂ ಎಂದು ಕರೆಯುತ್ತಾರೆ. ಹಿಂದಿನ ವರ್ಷ ಅತಿಥಿಯಾಗಿ ಬಂದು ಉಂಡು ಹೋದ ಹುಡುಗನೇ ಈ ವರ್ಷ ಬಡಿಸಲು ಬರುವುದುಂಟು. ಮೂರು ನಾಲ್ಕು ವಾರ ಅವರು ಅಲ್ಲಿಯೇ ಇದ್ದು, ಕೆಲವರು ಊಟದ ಮನೆಯಲ್ಲಿ, ಕೆಲವರು ಬಟ್ಟೆ ಒಗೆಯುವಲ್ಲಿ, ಕೆಲವರು ಅಂಗಳ ಕೆಲಸದಲ್ಲಿ, ಕೆಲವರು ತಟ್ಟೆ ತೊಳೆಯುವ ಕೋಣೆಯಲ್ಲಿ ದುಡಿಯುತ್ತಾರೆ. ಆ ಕೋಣೆಗೆ ಅವರವರೇ ‘ಕುಳಿ’ ಎಂಬರ್ಥದ ಹೆಸರಿಟ್ಟುಕೊಂಡಿದ್ದಾರೆ. ಶಿಬಿರದಲ್ಲಿ ಮುನ್ನೂರು ಜನರಿದ್ದಾರೆಂದು ಹಿಡಿದರೂ ಮೂರು ಹೊತ್ತಿಗೆ ಒಂಬೈನೂರು ತಟ್ಟೆಗಳಾದುವು. ಲೋಟ, ಚಮಚೆ, ಪಾತ್ರೆಗಳ ಲೆಕ್ಕ ಬೇರೆ. ಹೆಸರು ಅನ್ವರ್ಥವಾಗಿಯೇ ಇದೆ.

ಕ್ರೈಸ್ತ ಧರ್ಮದಲ್ಲಿ ಈ ಭಾವನೆಗೆ ಆಳವಾದ ಬೇರುಂಟು. ಶಿಲುಬೆಗೇರುವ ಹಿಂದಿನ ರಾತ್ರಿ ಏಸುವು ನಡುವಿಗೆ ವಸ್ತ್ರವನ್ನು ಸುತ್ತಿಕೊಂಡು, ಬೋಗುಣಿಯಲ್ಲಿ ನೀರು ತಂದು, ಶಿಷ್ಯರ ಪಾದಗಳನ್ನು ತೊಳೆದನೆಂಬ ಕಥೆ ಸುವಾರ್ತೆಯಲ್ಲಿ ಬರುತ್ತದೆ. ಆದಿ ಕ್ರೈಸ್ತ ಸಭೆಯು ವಿಧವೆಯರಿಗೆ ಅನ್ನ ಹಂಚುವ ಕೆಲಸಕ್ಕೆ ಏಳು ಮಂದಿಯನ್ನು ಆರಿಸಿತು. ಸಭೆಯ ಸೇವಕರಿಗೆ ಸಂದ ಗ್ರೀಕ್ ಹೆಸರಿಗೆ ಪಂಕ್ತಿಯಲ್ಲಿ ಬಡಿಸುವವನು ಎಂಬ ಅರ್ಥವೂ ಉಂಟು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ಮಠಗಳಿಗೆಂದು ಮಾಡಿಟ್ಟ ನಿಯಮಾವಳಿಯಲ್ಲಿ ಅಡಿಗೆಮನೆಯ ಸರದಿಯನ್ನು ಎಲ್ಲರಿಗೂ ವಿಧಿಸಲಾಗಿದೆ. ರೋಗಿಗಳಿಗೂ ಅಗತ್ಯದ ಬೇರೆ ಕಾರ್ಯದಲ್ಲಿ ತೊಡಗಿದವರಿಗೂ ಮಾತ್ರ ವಿನಾಯಿತಿ. ಈ ಭಾವನೆಯು ಒಂದೇ ಧರ್ಮದ ಸೊತ್ತೆಂದು ಯಾರೂ ತಿಳಿಯಬೇಕಾದುದಿಲ್ಲ. ಕಾಯಕವನ್ನೂ ದಾಸೋಹವನ್ನೂ ಧರ್ಮದ ತಿರುಳೆಂದು ಸಾರಿದ ಹನ್ನೆರಡನೆಯ ಶತಮಾನದ ಶರಣರ ನಾಡು ನಮ್ಮದು. ಸಿಖ್ಖರ ಗುರುದ್ವಾರಗಳ ಲಂಗರಿನಲ್ಲಿ ಶ್ರೀಮಂತನೂ ಕೂತು ರೊಟ್ಟಿ ಲಟ್ಟಿಸುವುದನ್ನೂ ಪಾತ್ರೆ ತಿಕ್ಕುವುದನ್ನೂ ಯಾರು ಬೇಕಾದರೂ ನೋಡಬಹುದು. ಊಟದ ಮನೆಯೇ ವಿನಯದ ಪಾಠಶಾಲೆಯೆಂಬುದನ್ನು ಎಲ್ಲ ಧರ್ಮಗಳ ಹಿರಿಯರೂ ಕಂಡುಕೊಂಡಿದ್ದರು.

ಹಾಗಾದರೆ ತಟ್ಟೆ ತೊಳೆಯುವುದರಿಂದ ಒಬ್ಬ ತರುಣನು ಕಲಿಯುವುದೇನು? ಶಾಲೆಯಲ್ಲಿ ಅವನು ಮಾಡುವ ಕೆಲಸವೆಲ್ಲ ತನಗಾಗಿ ಮಾಡತಕ್ಕುದು. ಲೆಕ್ಕ ತಪ್ಪಿದರೆ ಅವನ ಅಂಕ ಹೋದೀತು. ಇನ್ನೊಬ್ಬನ ಹೊಟ್ಟೆ ಬರಿದಾಗುವುದಿಲ್ಲ. ಶಿಬಿರದ ಅಡಿಗೆಮನೆಯಲ್ಲಿ ಹಾಗಲ್ಲ. ಬೆಳಗಿನ ತಟ್ಟೆಗಳು ತೊಳೆದು ಆಗದಿದ್ದರೆ ಮಧ್ಯಾಹ್ನದ ಊಟ ನಿಲ್ಲುತ್ತದೆ. ತನ್ನ ಕೈಯ ಕೆಲಸವನ್ನು ಇನ್ನೊಬ್ಬರು ಕಾದುಕೊಂಡಿದ್ದಾರೆಂಬ ಅರಿವು ಹದಿನಾರರ ವಯಸ್ಸಿನಲ್ಲಿ ಬಹುಮಂದಿಗೆ ಮೊದಲ ಸಲ ಅಲ್ಲಿಯೇ ಹುಟ್ಟುತ್ತದೆ. ಉಂಡವರು ತೊಳೆದವನ ಹೆಸರನ್ನು ಕೇಳುವುದಿಲ್ಲ. ಒಳ್ಳೆಯದಾಯಿತೆಂದು ಬೆನ್ನು ತಟ್ಟುವುದಿಲ್ಲ. ಇಂದು ತೊಳೆದದ್ದು ನಾಳೆ ಮತ್ತೆ ಎಂಜಲಾಗುತ್ತದೆ. ಮುಗಿಯದ, ಮೆಚ್ಚುಗೆಯಿಲ್ಲದ, ಆದರೂ ಬಿಡಲಾಗದ ಕೆಲಸ ಅದು. ಲೋಕವು ನಡೆಯುತ್ತಿರುವುದು ಬಹುಮಟ್ಟಿಗೆ ಇಂಥ ಕೆಲಸಗಳಿಂದಲೇ. ಮನೆಮನೆಯ ತಾಯಂದಿರು ಮಾಡುವುದೂ ಇದನ್ನೇ. ಒಂದು ತಿಂಗಳು ಈ ಕೆಲಸವನ್ನು ಸ್ವತಃ ಮಾಡಿದ ಹುಡುಗನು ಮನೆಗೆ ಹೋಗಿ ತಾಯಿಯ ಕೈಗಳನ್ನು ಬೇರೆ ಕಣ್ಣಿನಿಂದ ನೋಡಿದರೆ ಆಶ್ಚರ್ಯವಲ್ಲ.

ಸೇವೆಯನ್ನು ಕಟ್ಟಳೆಯಿಂದ ಕಲಿಸುವ ಪ್ರಯತ್ನಗಳೂ ನಡೆದಿವೆ. ಅಮೇರಿಕದ ಮೇರಿಲ್ಯಾಂಡ್ ಸಂಸ್ಥಾನದಲ್ಲಿ ಹೈಸ್ಕೂಲನ್ನು ಮುಗಿಸಬೇಕಾದರೆ ಸೇವೆಯ ಮೂಲಕ ಕಲಿಯುವ ಕಾರ್ಯದಲ್ಲಿ 75 ತಾಸುಗಳನ್ನು ವಿನಿಯೋಗಿಸಬೇಕೆಂಬ ನಿಯಮವುಂಟು. ನಮ್ಮಲ್ಲಿ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 1969ರ ಸೆಪ್ಟೆಂಬರ್ 24ರಂದು, ಪ್ರಾರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಸ್ವಯಂಸೇವಕನು ಎರಡು ವರ್ಷಗಳಲ್ಲಿ 240 ತಾಸು ಸೇವೆ ಸಲ್ಲಿಸಿ, ಏಳು ದಿನಗಳ ವಿಶೇಷ ಶಿಬಿರಕ್ಕೂ ಹೋಗಬೇಕು. ‘ನಾನಲ್ಲ, ನೀನು’ ಎಂಬುದು ಈ ಯೋಜನೆಯ ಧ್ಯೇಯದ ಅರ್ಥ. ಡಡ್ಲಿಯವರ ಶಿಬಿರದ ಮಾತಿಗೂ ಇದಕ್ಕೂ ಏನು ಅಂತರ? ನಿಯಮಗಳನ್ನು ನಾವು ಹಳಿಯುವುದಿಲ್ಲ. ನಿಯಮವಿರದಿದ್ದರೆ ಸೇವೆಯ ರುಚಿಯನ್ನೇ ಕಾಣದವರು ಎಷ್ಟೋ ಮಂದಿ ಇರುತ್ತಿದ್ದರು. ಆದರೆ ತಾಸುಗಳನ್ನು ಎಣಿಸುವ ಅಭ್ಯಾಸವು ಬೆಳೆದರೆ ಕೆಲಸವನ್ನು ಎಣಿಸುವ ಅಭ್ಯಾಸ ತಪ್ಪುತ್ತದೆ. ಗಿಡ ನೆಟ್ಟು ಚಿತ್ರ ತೆಗೆಯಿಸಿಕೊಂಡು ಪ್ರಮಾಣಪತ್ರ ಪಡೆದವನು ಆ ಗಿಡಕ್ಕೆ ಮಾರನೆಯ ದಿನ ನೀರೆರೆದನೇ ಎಂದು ಯಾರು ಕೇಳುತ್ತಾರೆ? ತಟ್ಟೆಗಳಲ್ಲಿ ಈ ವಂಚನೆ ನಡೆಯುವುದಿಲ್ಲ. ತೊಳೆಯದ ತಟ್ಟೆ ತೊಳೆಯದ ತಟ್ಟೆಯಾಗಿಯೇ ಎದುರಿಗೆ ನಿಲ್ಲುತ್ತದೆ.

ಇನ್ನು ಆಕ್ಷೇಪಗಳನ್ನು ವಿಚಾರಿಸೋಣ. ಮೊದಲನೆಯದು ಬಿಟ್ಟಿ ದುಡಿಮೆಯ ಆಕ್ಷೇಪ. ಅಮೇರಿಕದಲ್ಲಿ 1938ರಲ್ಲಿಯೇ ಕನಿಷ್ಠ ಕೂಲಿಯ ಕಾಯಿದೆಯಾಯಿತು. ಆದರೆ ವರ್ಷದಲ್ಲಿ ಏಳು ತಿಂಗಳಿಗಿಂತ ಹೆಚ್ಚು ಕಾಲ ನಡೆಯದ ಶಿಬಿರಗಳಿಗೆ ಕನಿಷ್ಠ ಕೂಲಿಯಿಂದಲೂ ಹೆಚ್ಚುವರಿ ತಾಸುಗಳ ಕೂಲಿಯಿಂದಲೂ ವಿನಾಯಿತಿ ಉಂಟು. ಕೂಲಿಯವರಿಂದಲೇ ಕೆಲಸ ಮಾಡಿಸುವ ಶಿಬಿರಗಳಿಗೂ ಈ ರಿಯಾಯಿತಿ ಸಲ್ಲುವಾಗ, ಸಂಬಳವನ್ನೇ ಕೇಳದ ತರುಣರ ಪಡೆಯೊಂದು ಸಿದ್ಧವಾಗಿದ್ದರೆ ಲೋಭಕ್ಕೆ ದಾರಿಯಾಗದೆ ಇರದು. ಮಕ್ಕಳ ತಂದೆತಾಯಿಗಳಿಂದ ಭಾರಿ ಶುಲ್ಕವನ್ನು ಪಡೆದು, ಕೂಲಿಯವರನ್ನು ಬಿಡಿಸಿ, ಅವರ ಸ್ಥಾನದಲ್ಲಿ ಸ್ವಯಂಸೇವಕರನ್ನು ದುಡಿಸಿದರೆ ಅದನ್ನು ಸೇವೆಯೆಂದು ಯಾರೂ ಕರೆಯಲಾರರು. ಶಿಬಿರವು ಉಳಿಸಿದ ಹಣ ಎಲ್ಲಿಗೆ ಹೋಯಿತೆಂಬುದೇ ಇಲ್ಲಿ ಒರೆಗಲ್ಲು. ಬಡಮಕ್ಕಳ ಶುಲ್ಕ ಇಳಿಯುವುದಕ್ಕೆ ಆ ಹಣ ಸಂದಿತೆಂದರೆ ತರುಣನ ಶ್ರಮವು ದಾನವಾಯಿತು. ವ್ಯವಸ್ಥಾಪಕರ ಲಾಭಕ್ಕೆ ಸಂದಿತೆಂದರೆ ಆ ಶ್ರಮವನ್ನು ಕದ್ದಂತಾಯಿತು. ಲೆಕ್ಕಪತ್ರಗಳನ್ನು ಬಹಿರಂಗವಾಗಿ ಇಡುವ ಸಂಸ್ಥೆಗೆ ಮಾತ್ರ ತರುಣರ ಶ್ರಮವನ್ನು ಕೇಳುವ ಅಧಿಕಾರವುಂಟು.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮವಾದುದು. ತಿಂಗಳುಗಟ್ಟಲೆ ಸಂಬಳವಿಲ್ಲದೆ ದುಡಿಯುವ ಸೌಕರ್ಯ ಯಾರಿಗುಂಟು? ಉಣ್ಣುವ ಚಿಂತೆಯಿಲ್ಲದ ಮನೆಯ ಮಕ್ಕಳಿಗೆ. ರಜೆಯಲ್ಲಿ ಅಂಗಡಿಯಲ್ಲಿಯೋ ಹೊಲದಲ್ಲಿಯೋ ದುಡಿದು ಕಾಲೇಜಿನ ಹಣವನ್ನು ಕೂಡಿಸಬೇಕಾದ ಹುಡುಗನಿಗೆ ಈ ಪುಣ್ಯವನ್ನು ಗಳಿಸುವ ಅವಕಾಶವಿಲ್ಲ. ಮುಂದೆ ಕಾಲೇಜಿಗೆ ಅರ್ಜಿ ಹಾಕುವಾಗ ಮೊದಲನೆಯವನು ತನ್ನ ಸೇವೆಯನ್ನು ಬರೆದುಕೊಳ್ಳುತ್ತಾನೆ. ಎರಡನೆಯವನ ದುಡಿಮೆ ಬರಿಯ ದುಡಿಮೆಯಾಗಿಯೇ ಉಳಿಯುತ್ತದೆ. ತಂಗಿಯ ಶುಲ್ಕಕ್ಕಾಗಿ ಹೋಟೆಲಿನಲ್ಲಿ ಲೋಟ ತೊಳೆದವನು ಶಿಬಿರದಲ್ಲಿ ತಟ್ಟೆ ತೊಳೆದವನಿಗಿಂತ ಕಡಿಮೆ ಸೇವೆ ಮಾಡಿದನೆಂದು ಹೇಳುವ ಧೈರ್ಯ ಯಾರಿಗಿದೆ? ಶಿಬಿರಗಳನ್ನು ನಡೆಸುವವರು ಬಡ ತರುಣರ ಪ್ರಯಾಣದ ಖರ್ಚನ್ನಾದರೂ ವಹಿಸಿ ಅವರಿಗೂ ಬಾಗಿಲು ತೆರೆಯಬೇಕು. ಉಪಾಧ್ಯಾಯರೂ ಕಾಲೇಜುಗಳವರೂ ಮನೆಯ ಸೇವೆಯನ್ನು ಸೇವೆಯೆಂದೇ ಎಣಿಸಬೇಕು.

ಮೂರನೆಯದು ಧರ್ಮಪ್ರಸಾರದ ಪ್ರಶ್ನೆ. ಈ ಶಿಬಿರಗಳು ಕ್ರೈಸ್ತ ಮತವನ್ನು ತರುಣರಿಗೆ ಬೋಧಿಸುವ ಉದ್ದೇಶದಿಂದಲೇ ನಡೆಯತಕ್ಕವು. ಅದನ್ನು ಅವರು ಬಚ್ಚಿಡುವುದೂ ಇಲ್ಲ. ತಟ್ಟೆ ತೊಳೆಯುವ ಹುಡುಗನೂ ತನ್ನ ದುಡಿಮೆಯಿಂದ ಅತಿಥಿಯ ಮನಸ್ಸು ತನ್ನ ದೇವರ ಕಡೆಗೆ ತಿರುಗಲೆಂದು ಹಾರೈಸುತ್ತಾನೆ. ತಂದೆತಾಯಿಗಳು ತಿಳಿದು ಕಳುಹಿಸಿದಾಗ ಇದರಲ್ಲಿ ದೋಷವೇನೂ ಇಲ್ಲ. ನಮ್ಮ ಸಂವಿಧಾನದ 28ನೆಯ ವಿಧಿಯು ಸರಕಾರದ ಮನ್ನಣೆ ಇಲ್ಲವೆ ಸಹಾಯಧನ ಪಡೆದ ಶಾಲೆಗಳ ವಿಷಯದಲ್ಲಿ ಹಾಕಿಕೊಟ್ಟ ಮೇರೆ ಇದೇ ಅಲ್ಲವೇ? ವಿದ್ಯಾರ್ಥಿಯ, ಅವನು ಅಪ್ರಾಪ್ತವಯಸ್ಕನಾದರೆ ಅವನ ಪಾಲಕರ, ಒಪ್ಪಿಗೆಯಿಲ್ಲದೆ ಧರ್ಮಬೋಧನೆಗಾಗಲಿ ಪೂಜೆಗಾಗಲಿ ಅವನನ್ನು ಕೂಡಿಸತಕ್ಕದ್ದಲ್ಲ. ಈ ಮೇರೆಯೊಳಗೆ ಕ್ರೈಸ್ತರ ಶಿಬಿರಕ್ಕೆ ಇರುವಷ್ಟೇ ಸ್ವಾತಂತ್ರ್ಯವು ಮಠದ ಶಿಬಿರಕ್ಕೂ ಮದರಸೆಯ ಶಿಬಿರಕ್ಕೂ ಇರತಕ್ಕದ್ದು. ಬಡಿಸುವವನು ಉಣ್ಣುವವನಿಂದ ಮತಾಂತರವನ್ನಾಗಲಿ ಕೃತಜ್ಞತೆಯನ್ನಾಗಲಿ ಬೆಲೆಯಾಗಿ ಕೇಳದಿರುವ ತನಕ ಆ ಅನ್ನ ನಿರ್ಮಲವಾದುದು. ಬೆಲೆ ಕೇಳಿದ ಕ್ಷಣದಲ್ಲಿ ಅದು ವ್ಯಾಪಾರವಾಗುತ್ತದೆ.

ಈ ಮೂರೂ ಆಕ್ಷೇಪಗಳಿಗಿಂತ ಗುರುತರವಾದ ವಿಷಯವು ಇನ್ನೊಂದಿದೆ. ಅದು ಹಿರಿಯರ ಹೊಣೆ. ಮಿಸೂರಿ ಸಂಸ್ಥಾನದ ಕಾನಾಕುಕ್ ಎಂಬುದು 1926ರಿಂದ ನಡೆದುಬಂದ ಪ್ರಸಿದ್ಧ ಕ್ರೈಸ್ತ ಶಿಬಿರ. ಅಲ್ಲಿ ನಿರ್ದೇಶಕನಾಗಿದ್ದವನೊಬ್ಬನು ತನ್ನಲ್ಲಿ ನಂಬುಗೆಯಿಟ್ಟ ಬಾಲಕರ ಮೇಲೆ ಲೈಂಗಿಕ ಅತ್ಯಾಚಾರ ಮಾಡಿದ ತಪ್ಪನ್ನು ಒಪ್ಪಿಕೊಂಡನು. 2010ರಲ್ಲಿ ನ್ಯಾಯಾಲಯವು ಅವನಿಗೆ ಎರಡು ಜೀವಾವಧಿ ಶಿಕ್ಷೆಗಳನ್ನೂ ಮೇಲೆ ಮೂವತ್ತು ವರ್ಷಗಳ ಸೆರೆಯನ್ನೂ ವಿಧಿಸಿತು. ಸೇವೆಯ ವಾತಾವರಣದಲ್ಲಿ ತರುಣನು ವಿಧೇಯನಾಗಿರುತ್ತಾನೆ. ಹಿರಿಯರ ಮಾತಿಗೆ ಎದುರಾಡುವುದು ಧರ್ಮವಿರೋಧವೆಂದು ಭಾವಿಸುತ್ತಾನೆ. ಈ ವಿಧೇಯತೆಯೇ ದುಷ್ಟನಿಗೆ ಆಯುಧವಾಗುತ್ತದೆ. ಆದುದರಿಂದ ತರುಣರಿಗೆ ಸೇವೆಯನ್ನು ಕಲಿಸುವ ಸ್ಥಳದಲ್ಲಿ ಅಲ್ಲವೆನ್ನುವುದನ್ನೂ ಕಲಿಸಬೇಕು. ಎಷ್ಟೇ ಪೂಜ್ಯನಾದ ಹಿರಿಯನಾಗಲಿ, ತಪ್ಪು ನಡೆದರೆ ಹೊರಗಿನವರಿಗೆ ತಿಳಿಸುವ ದಾರಿ ಪ್ರತಿಯೊಬ್ಬ ಹುಡುಗನಿಗೂ ಹುಡುಗಿಗೂ ಗೊತ್ತಿರಬೇಕು. ನಮ್ಮ ದೇಶದಲ್ಲಿ 2012ರಲ್ಲಿ ಮಕ್ಕಳ ರಕ್ಷಣೆಗೆಂದು ಆದ ಪೋಕ್ಸೊ ಕಾಯಿದೆಯು ಹದಿನೆಂಟು ತುಂಬದವರೆಲ್ಲರಿಗೂ ಅನ್ವಯಿಸುತ್ತದೆ. ಸ್ವಯಂಸೇವಕನೆಂಬ ಪಟ್ಟಿ ತೋಳಿಗೆ ಬಂದ ಮಾತ್ರಕ್ಕೆ ಹದಿನಾರರ ಹುಡುಗನು ಹಿರಿಯನಾಗುವುದಿಲ್ಲ.

2025ರ ಜುಲೈ 4ರಂದು ನಸುಕಿನಲ್ಲಿ ಟೆಕ್ಸಸ್ ಸಂಸ್ಥಾನದ ಗ್ವಾಡಲೂಪ್ ನದಿಗೆ ಬಂದ ಮಹಾಪೂರವು ಅದರ ದಂಡೆಯ ಮೇಲಿದ್ದ ಕ್ಯಾಂಪ್ ಮಿಸ್ಟಿಕ್ ಎಂಬ ಬಾಲಕಿಯರ ಕ್ರೈಸ್ತ ಶಿಬಿರಕ್ಕೆ ನುಗ್ಗಿತು. ಮಲಗಿದ್ದ ಮಕ್ಕಳೂ ಅವರನ್ನು ನೋಡಿಕೊಳ್ಳುತ್ತಿದ್ದವರೂ ಸೇರಿ ಇಪ್ಪತ್ತೇಳು ಮಂದಿ ಹುಡುಗಿಯರು ಜಲಸಮಾಧಿಯಾದರು. ಆ ಮೇಲ್ವಿಚಾರಕಿಯರಿಬ್ಬರ ವಯಸ್ಸು ಹದಿನೆಂಟು, ಹತ್ತೊಂಬತ್ತು. ಶಿಬಿರದ ಹಿರಿಯ ನಿರ್ದೇಶಕರೂ ಆ ರಾತ್ರಿಯೇ ಪ್ರಾಣ ಬಿಟ್ಟರು. ಈ ದುಃಖದ ಎದುರಿನಲ್ಲಿ ಯಾರನ್ನೂ ದೂಷಿಸಲು ನಾವು ಲೇಖನಿ ಹಿಡಿದಿಲ್ಲ. ಆದರೆ ನಡುರಾತ್ರಿಯಲ್ಲಿ ನೀರೇರುವಾಗ ಎಂಟು ಒಂಬತ್ತು ವರ್ಷದ ಮಕ್ಕಳ ಕೋಣೆಯಲ್ಲಿ ಏನು ಮಾಡಬೇಕೆಂಬ ನಿರ್ಣಯವು ಈಗತಾನೆ ಶಾಲೆ ಬಿಟ್ಟ ಹುಡುಗಿಯ ಪಾಲಿಗೆ ಬರತಕ್ಕದ್ದೇ? ಮನೆಗಳನ್ನು ನೆರೆಯ ಬಯಲಿನಲ್ಲಿ ಕಟ್ಟಬೇಕೋ ಎತ್ತರದಲ್ಲಿ ಕಟ್ಟಬೇಕೋ, ಎಚ್ಚರಿಕೆಯ ಗಂಟೆ ಎಲ್ಲಿರಬೇಕು, ಮಕ್ಕಳನ್ನು ಯಾವಾಗ ಎಬ್ಬಿಸಬೇಕು, ಇವೆಲ್ಲ ಹಿರಿಯರು ಮುಂಚಿತವಾಗಿ ತೀರ್ಮಾನಿಸಿಡತಕ್ಕ ಸಂಗತಿಗಳು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಟೆಕ್ಸಸ್ ಸರಕಾರವು ಶಿಬಿರಗಳ ಸುರಕ್ಷಿತತೆಗೆಂದು ಹೊಸ ಕಾಯಿದೆಗಳನ್ನು ಮಾಡಿ, ನೆರೆಗೆ ಸಿಕ್ಕುವ ನೆಲದಲ್ಲಿ ಮಕ್ಕಳನ್ನು ಮಲಗಿಸಬಾರದೆಂದೂ ಆಪತ್ಕಾಲದ ಯೋಜನೆಯನ್ನು ಬರೆದಿಟ್ಟು ಎಲ್ಲರಿಗೂ ತರಬೇತಿ ಕೊಡಬೇಕೆಂದೂ ವಿಧಿಸಿತು. ಮಕ್ಕಳು ಹೋದ ಮೇಲೆ ಬಂದ ಕಾಯಿದೆ ಅದು.

ಕೆಲಸಕ್ಕೂ ಹೊಣೆಗೂ ಇರುವ ಭೇದವನ್ನು ಇಲ್ಲಿ ಕಾಣಬಹುದು. ತಟ್ಟೆ ಒಡೆದರೆ ಇನ್ನೊಂದನ್ನು ತರಬಹುದು. ಅನ್ನ ಸೀದರೆ ಮತ್ತೊಮ್ಮೆ ಬೇಯಿಸಬಹುದು. ತಪ್ಪಿದರೂ ತಿದ್ದಿಕೊಳ್ಳಬಹುದಾದ ಕೆಲಸಗಳನ್ನೆಲ್ಲ ತರುಣರಿಗೆ ಧಾರಾಳವಾಗಿ ಒಪ್ಪಿಸಬೇಕು. ತಪ್ಪಿ, ತಿದ್ದಿಕೊಂಡು, ಅವರು ಬೆಳೆಯುತ್ತಾರೆ. ತಪ್ಪಿದರೆ ಪ್ರಾಣ ಹೋಗುವ, ಮಾನ ಹೋಗುವ ವಿಷಯಗಳಲ್ಲಿ ಹಿರಿಯರು ಒಂದು ಗಳಿಗೆಯೂ ಸ್ಥಳ ಬಿಟ್ಟು ಕದಲಬಾರದು. ನೀರಿನ ದಂಡೆ, ಬೆಂಕಿ, ರಾತ್ರಿಯ ಪಹರೆ, ರೋಗಿಯ ಔಷಧ ಇವು ಹಿರಿಯರವು. ತರುಣರು ಅಲ್ಲಿಯೂ ಜೊತೆಗಿರಲಿ, ನೋಡಿ ಕಲಿಯಲಿ. ಆದರೆ ಕೊನೆಯ ಮಾತು ಅವರ ಮೇಲೆ ಬೀಳದಿರಲಿ.

ಈ ವಿಷಯವು ಕನ್ನಡ ನಾಡಿಗೆ ಹೊರಗಿನದೆಂದು ವಾಚಕರು ತಿಳಿಯಬಾರದು. ನಮ್ಮ ಊರುಗಳ ಚರ್ಚುಗಳಲ್ಲಿಯೂ ಏಪ್ರಿಲ್ ಮೇ ತಿಂಗಳುಗಳಲ್ಲಿ ರಜಾಕಾಲದ ಬೈಬಲ್ ಶಾಲೆಗಳು ನಡೆದು, ಹೈಸ್ಕೂಲು ಕಾಲೇಜುಗಳ ತರುಣರೇ ಚಿಕ್ಕ ಮಕ್ಕಳಿಗೆ ಹಾಡು ಕಥೆಗಳನ್ನು ಕಲಿಸುತ್ತಾರೆ. ಇನ್ನು ಸ್ವಯಂಸೇವಕರ ಪಡೆಯನ್ನು ಕಟ್ಟುವ ವಿದ್ಯೆಯಲ್ಲಿ ಹುಬ್ಬಳ್ಳಿಯು ಇಡೀ ದೇಶಕ್ಕೆ ದಾರಿ ತೋರಿಸಿದ ಊರು. ಅಮೇರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಓದಿ ಬಂದ ಡಾಕ್ಟರ್ ನಾ. ಸು. ಹರ್ಡೀಕರರು 1923ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ಹಿಂದುಸ್ತಾನಿ ಸೇವಾದಳವನ್ನು ಕಟ್ಟಿದರು. ಮಾರನೆಯ ವರ್ಷ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿದಾಗ ಕರ್ನಾಟಕದ ಸ್ವಯಂಸೇವಕರ ಶಿಸ್ತನ್ನು ದೇಶವೆಲ್ಲ ಕಂಡಿತು. ಭಾಷಣ ಮಾಡಿದವರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ. ಗುಡಾರ ಕಟ್ಟಿದವರು, ನೀರು ಹೊತ್ತವರು, ಪಂಕ್ತಿಯಲ್ಲಿ ಬಡಿಸಿದವರು ಯಾರು ಯಾರೆಂದು ಇಂದು ಹೇಳುವವರಿಲ್ಲ. ಆದರೂ ಅವರಿಲ್ಲದೆ ಆ ಸಭೆ ನಡೆಯುತ್ತಿರಲಿಲ್ಲ.

ಗಾಂಧೀಜಿಯವರಿಗೆ ಈ ಪಾಠವು ಬೆಳಗಾವಿಗಿಂತ ಬಹು ಮೊದಲೇ ಆಗಿತ್ತು. 1901ರ ಕಲಕತ್ತೆಯ ಕಾಂಗ್ರೆಸಿಗೆ ಅವರು ಹೋದಾಗ ಅಲ್ಲಿಯ ಸ್ವಯಂಸೇವಕರು ಕೆಲಸವನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತಿದ್ದುದನ್ನೂ, ಶೌಚಸ್ಥಾನಗಳು ನಾರುತ್ತಿದ್ದುದನ್ನೂ, ಅದು ತಮ್ಮ ಕೆಲಸವಲ್ಲ, ಝಾಡಮಾಲಿಯದೆಂದು ಅವರು ಹೇಳಿದುದನ್ನೂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅವರು ಕಸಬರಿಗೆಯನ್ನು ಕೇಳಿ ತೆಗೆದುಕೊಂಡು ತಾವೇ ಒಂದನ್ನು ಶುಚಿ ಮಾಡಿದರು. ಕಾರ್ಯದರ್ಶಿಗಳಾಗಿದ್ದ ಘೋಷಾಲರ ಕಚೇರಿಯಲ್ಲಿ ಕಾರಕೂನಿಕೆ ಮಾಡಿ, ಅವರ ಅಂಗಿಯ ಗುಂಡಿಗಳನ್ನೂ ಹಾಕಿಕೊಟ್ಟರು. ಅದರಿಂದ ತಮಗಾದ ಲಾಭಕ್ಕೆ ಬೆಲೆಯೇ ಇಲ್ಲವೆಂದು ಅವರು ಎಣಿಸಿದರು. ಮೂವತ್ತು ದಾಟಿದ, ದಕ್ಷಿಣ ಆಫ್ರಿಕೆಯಲ್ಲಿ ಹೆಸರು ಪಡೆದ ಬ್ಯಾರಿಸ್ಟರರೊಬ್ಬರು ಗುಂಡಿ ಹಾಕುವ ಕೆಲಸವನ್ನು ಹೀನವೆಂದು ತಿಳಿಯಲಿಲ್ಲ.

ಅಮೇರಿಕದ ತರುಣನಿಗೆ ಎಂಜಲು ತಟ್ಟೆ ಎಂದರೆ ಸುಖದ ತ್ಯಾಗ. ನಮ್ಮ ತರುಣನಿಗೆ ಅದು ಅಷ್ಟೇ ಅಲ್ಲ. ಎಂಜಲನ್ನು ಯಾರು ಎತ್ತಬೇಕು, ಶೌಚಾಲಯವನ್ನು ಯಾರು ತೊಳೆಯಬೇಕು ಎಂಬುದನ್ನು ನಮ್ಮ ಸಮಾಜವು ಹುಟ್ಟಿನಿಂದಲೇ ಗೊತ್ತುಮಾಡಿ ಇಟ್ಟಿತ್ತು. ಮಲ ಹೊರುವ ಪದ್ಧತಿಯನ್ನು ಅಳಿಸಲು 2013ರಲ್ಲಿಯೂ ಹೊಸ ಕಾಯಿದೆ ಮಾಡಬೇಕಾಯಿತೆಂದರೆ ಆ ಕಟ್ಟು ಎಷ್ಟು ಬಿಗಿಯಾಗಿದೆಯೆಂಬುದನ್ನು ಊಹಿಸಬಹುದು. ಆದುದರಿಂದ ನಮ್ಮ ಶಿಬಿರಗಳಲ್ಲಿ ಸರದಿಯ ಪಟ್ಟಿಗೆ ಇರುವ ಬೆಲೆ ಅಮೇರಿಕದ ಪಟ್ಟಿಗಿಂತ ಹೆಚ್ಚಿನದು. ಭಾಷಣ, ಪ್ರಭಾತಫೇರಿ, ನಾಟಕಗಳಿಗೆ ಎಲ್ಲರೂ ಮುಂದೆ ಬಂದು, ಅಡಿಗೆಗೆ ಕೂಲಿಯ ಹೆಂಗಸರನ್ನೂ ಶೌಚಾಲಯಕ್ಕೆ ಪೌರಕಾರ್ಮಿಕರನ್ನೂ ಕರೆಯಿಸಿದ ಶಿಬಿರವು ಏನನ್ನು ಕಲಿಸಿತು? ಸೇವೆಯೆಂದರೆ ವೇದಿಕೆಯ ಮೇಲಿನ ಕೆಲಸವೆಂದೂ ಉಳಿದುದು ಬೇರೆಯವರ ಪಾಲೆಂದೂ ಕಲಿಸಿತು. ಹುಡುಗಿಯರಿಗೆ ಅಡಿಗೆ, ಹುಡುಗರಿಗೆ ಗುದ್ದಲಿ ಎಂದು ಹಂಚಿದ ಶಿಬಿರವೂ ಹಳೆಯ ಪಾಠವನ್ನೇ ಒಪ್ಪಿಸಿತು.

ಬರುವ ರಜೆಯಲ್ಲಿ ಶಿಬಿರ ನಡೆಸಹೊರಟಿರುವ ಶಾಲೆ ಕಾಲೇಜುಗಳಿಗೂ, ಚರ್ಚು ಮಠ ಸಂಘಗಳಿಗೂ ನಮ್ಮ ವಿಜ್ಞಾಪನೆ ಇಷ್ಟು. ಹದಿನಾಲ್ಕು ತುಂಬದವರನ್ನು ದುಡಿಮೆಗೆ ಹಚ್ಚಬೇಡಿರಿ. ಕಾಯಿದೆಯೂ ಅದನ್ನು ಒಪ್ಪುವುದಿಲ್ಲ. ಹದಿನಾಲ್ಕು ದಾಟಿದವರಿಗೆ ನಿಜವಾದ ಕೆಲಸ ಕೊಡಿರಿ. ತೋರಿಕೆಯ ಕೆಲಸ ಬೇಡ. ದಿನದ ತಾಸುಗಳಿಗೆ ಮಿತಿಯಿರಲಿ. ನಿದ್ರೆಗೂ ಆಟಕ್ಕೂ ಕಾಲವಿರಲಿ. ಪಾತ್ರೆ, ಕಸಬರಿಗೆ, ಶೌಚಾಲಯಗಳ ಸರದಿ ಜಾತಿಯನ್ನೂ ಲಿಂಗವನ್ನೂ ನೋಡದೆ ಎಲ್ಲರಿಗೂ ಸಲ್ಲಲಿ. ಅಧ್ಯಾಪಕರ ಹೆಸರೂ ಆ ಪಟ್ಟಿಯಲ್ಲಿರಲಿ. ಬರಲಾರೆನೆಂದವನನ್ನು ಹಂಗಿಸಬೇಡಿರಿ. ಹಣದ ಲೆಕ್ಕವನ್ನು ಗೋಡೆಗೆ ಅಂಟಿಸಿರಿ. ರಾತ್ರಿಯಲ್ಲಿ ಹಿರಿಯರು ಎಚ್ಚರವಾಗಿರಿ.

ತಂದೆತಾಯಿಗಳಿಗೂ ಒಂದು ಮಾತು. ಮಗನು ಸೇವೆಗೆ ಹೋಗುತ್ತೇನೆಂದಾಗ ಇದರಿಂದ ಪರೀಕ್ಷೆಗೆ ಏನು ಲಾಭವೆಂದು ಕೇಳಬೇಡಿರಿ. ಅಲ್ಲಿ ನಿನ್ನನ್ನು ನೋಡಿಕೊಳ್ಳುವ ಹಿರಿಯರು ಯಾರು ಎಂದು ಕೇಳಿರಿ. ಸರಿಯಾದ ಉತ್ತರ ದೊರೆತರೆ ನಿಶ್ಚಿಂತೆಯಿಂದ ಕಳುಹಿಸಿರಿ. ಕೈ ಒರಟಾಗಿ, ಬೆನ್ನು ನೊಂದು, ಮೈ ಕಪ್ಪಾಗಿ ಅವನು ಮರಳಿ ಬಂದಾನು. ಊಟವಾದ ಮೇಲೆ ಯಾರೂ ಹೇಳದೆಯೇ ತನ್ನ ತಟ್ಟೆಯೊಂದಿಗೆ ಇನ್ನೊಬ್ಬರ ತಟ್ಟೆಯನ್ನೂ ಎತ್ತಿಕೊಂಡು ಎದ್ದನೆಂದರೆ ರಜೆಯು ಸಾರ್ಥಕವಾಯಿತೆಂದು ತಿಳಿಯಿರಿ.